ನೆಗಡಿ ಆದಾಗಲೆಲ್ಲ ಎದೆಯಲ್ಲಿ ಸುಂಯ್ ಸುಂಯ್, ಈಗ ನೋಡಿದರೆ ರಕ್ತ 7.6. ದಯವಿಟ್ಟು ಓದಿ ಹೇಳಿ

ಮುಧೋಳದ ತಾಯಿ · ಜನವರಿ 9

ಎಲ್ಲರಿಗೂ ನಮಸ್ಕಾರ. ನಾವು ಮುಧೋಳ ತಾಲ್ಲೂಕಿನ ಹಳ್ಳಿಯವರು. ಮಗಳಿಗೆ ಈಗ 19 ತಿಂಗಳು, ತೂಕ 10 ಕೆ.ಜಿ. ದೀಪಾವಳಿ ಆದಮೇಲೆ ನಾಲ್ಕು ಸಲ ನೆಗಡಿ ಆಯಿತು. ನಾಲ್ಕೂ ಸಲ ಒಂದೇ ರೀತಿ. ಮೊದಲ ದಿನ ಮೂಗು ಸೋರುತ್ತದೆ, ಮರುದಿನ ಕೆಮ್ಮು, ಮೂರನೇ ರಾತ್ರಿ ಎದೆಯಲ್ಲಿ ಸುಂಯ್ ಸುಂಯ್ ಶುರು. ಹೊಟ್ಟೆ ಹಾರುತ್ತದೆ, ಹಾಲೂ ಬೇಡ ಅನ್ನುತ್ತಾಳೆ. ಮೂರು ಸಲ ಹತ್ತಿರದ ದವಾಖಾನೆಯಲ್ಲಿ ಮಾಸ್ಕ್ ಇಟ್ಟು, ಔಷಧಿ ಬರೆದು ಕಳಿಸಿದರು. ನಾಲ್ಕನೇ ಸಲ ಬಾಗಲಕೋಟೆಗೆ ಓಡಿದೆವು. ಎರಡು ದಿನ ಆಕ್ಸಿಜನ್ ಹಚ್ಚಿದರು.

ಅಲ್ಲಿ ಒಬ್ಬ ಡಾಕ್ಟರ್ ಮೇಡಂ ಮಗುವಿನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಅಂಗೈ ನೋಡಿದರು. "ಇವಳ ರಕ್ತ ಯಾವಾಗಲಾದರೂ ಪರೀಕ್ಷೆ ಮಾಡಿಸಿದ್ದೀರಾ?" ಅಂದರು. ಇಲ್ಲ. ಹುಟ್ಟಿದಾಗಿನಿಂದ ಒಮ್ಮೆಯೂ ಇಲ್ಲ. ಮಾಡಿಸಿದರೆ ಹಿಮೋಗ್ಲೋಬಿನ್ 7.6.

ನನಗೆ ಅಲ್ಲೇ ಕಣ್ಣೀರು ಬಂತು. ಮಗಳು ದುಂಡಗೆ ಇದ್ದಾಳೆ. ಎಷ್ಟು ಬೆಳ್ಳಗಿದ್ದಾಳೆ ಅಂತ ಓಣಿಯವರೆಲ್ಲ ಎತ್ತಿ ಆಡಿಸುತ್ತಿದ್ದರು. ಆ ಬಿಳುಪು ರಕ್ತ ಇಲ್ಲದ್ದರಿಂದ ಬಂದದ್ದು ಅಂತ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಊಟದ ವಿಷಯ ಮುಚ್ಚಿಡದೆ ಹೇಳುತ್ತೇನೆ. ಮನೆಯಲ್ಲಿ ಎರಡು ಎಮ್ಮೆ ಇವೆ. ದಿನಕ್ಕೆ ಒಂದು ಲೀಟರ್ ಹಾಲು ಬಾಟಲಿಯಲ್ಲೇ ಕುಡಿಯುತ್ತಾಳೆ. ಬೆಳಿಗ್ಗೆ, ಸಂಜೆ ಅಜ್ಜನ ಜೊತೆ ಚಹಾದಲ್ಲಿ ಅದ್ದಿದ ಬಿಸ್ಕೀಟು. ಮಧ್ಯಾಹ್ನ ಎರಡು ತುತ್ತು ಹಾಲು ಅನ್ನ. ರೊಟ್ಟಿ, ಪಲ್ಯ ಮುಟ್ಟುವುದಿಲ್ಲ. ಆರು ತಿಂಗಳಿಂದ ಗೋಡೆಯ ಸುಣ್ಣ ಕೆರೆದು ತಿನ್ನುತ್ತಾಳೆ. ಹುಟ್ಟಿದಾಗ ತೂಕ 2.2 ಕೆ.ಜಿ. ಇತ್ತು.

ನನ್ನ ಗೊಂದಲ ಇಷ್ಟು. ಈ ಉಬ್ಬಸಕ್ಕೂ ರಕ್ತ ಕಡಿಮೆ ಇರುವುದಕ್ಕೂ ಸಂಬಂಧ ಇದೆಯಾ? ಐರನ್ ಸಿರಪ್ ಕೊಟ್ಟಿದ್ದಾರೆ, ಆದರೆ ಕೆಮ್ಮು ಪೂರ್ತಿ ಹೋಗುವವರೆಗೆ ಕೊಡಬಾರದು, ಉಷ್ಣ ಆಗುತ್ತದೆ ಅಂತ ಅತ್ತೆ ಹೇಳುತ್ತಾರೆ. ಉಬ್ಬಸಕ್ಕೆ ಬಾಯಿಂದ ಎಳೆಯುವ ಪಂಪ್ (ಇನ್ಹೇಲರ್) ಕೂಡ ಬರೆದಿದ್ದಾರೆ. ಒಮ್ಮೆ ಹಿಡಿದರೆ ಜೀವನಪೂರ್ತಿ ಬಿಡಲ್ಲ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ತಿಳಿದವರು ಹೇಳಿ.

ಅಂಗನವಾಡಿ ಟೀಚರ್, ಹುನಗುಂದ · ಜನವರಿ 9

ತಂಗಿ, ಮೊದಲು ಸಮಾಧಾನ ಮಾಡಿಕೊಳ್ಳಿ. ದುಂಡಗಿರುವ ಮಗುವಿಗೆ ರಕ್ತ ಕಡಿಮೆ ಇರಬಹುದು ಅಂತ ನನಗೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಗೊತ್ತಿರಲಿಲ್ಲ. ಈಗ ಸುಣ್ಣ, ಮಣ್ಣು, ಬಳಪ, ಬೂದಿ, ಹಸಿ ಅಕ್ಕಿ ತಿನ್ನುವ ಮಗು ಕಂಡರೆ ನಾನು ಬೈಯುವುದಿಲ್ಲ. ಕೈ ಕಟ್ಟಿಹಾಕಿ ಅಂತಲೂ ಹೇಳುವುದಿಲ್ಲ. ರಕ್ತ ತೋರಿಸಿ ಅನ್ನುತ್ತೇನೆ. ದೇಹದಲ್ಲಿ ಕಬ್ಬಿಣ ಕಡಿಮೆ ಆದಾಗ ಮಕ್ಕಳಿಗೆ ಇಂಥ ಚಟ ಹತ್ತುತ್ತದೆ. ಕಬ್ಬಿಣ ತುಂಬಿದ ಮೇಲೆ ಬಹಳಷ್ಟು ಮಕ್ಕಳು ತಾವಾಗಿಯೇ ಬಿಡುತ್ತವೆ. ಜೋರಾಗಿ ಅತ್ತು ಉಸಿರು ಕಟ್ಟಿ ನೀಲಿ ಆಗುವ ಮಕ್ಕಳಿರುತ್ತವಲ್ಲ, ಅವರಲ್ಲೂ ಈ ಕೊರತೆ ಎಷ್ಟೋ ಸಲ ಇರುತ್ತದೆ.

ಒಂದು ಕೇಳಲಾ? ನಿಮ್ಮ ಮನೆಗೆ ಆಶಾ ಅಕ್ಕ ಸಣ್ಣ ಸಿರಪ್ ಬಾಟಲಿ ಕೊಟ್ಟಿದ್ದರಾ? 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಯೋಜನೆಯಲ್ಲಿ 6 ತಿಂಗಳಿಂದ 5 ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ, ಒಂದೊಂದು ಮಿಲಿ ಕೊಡಬೇಕು. ಆ ಒಂದು ಮಿಲಿಯಲ್ಲಿ 20 ಮಿಲಿಗ್ರಾಂ ಕಬ್ಬಿಣ, 100 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ಎಷ್ಟೋ ಮನೆಗಳಲ್ಲಿ ಆ ಬಾಟಲಿ ಮಾಡದಲ್ಲಿ ಸೀಲ್ ಒಡೆಯದೆ ಕೂತಿರುವುದನ್ನು ನೋಡಿದ್ದೇನೆ. ಮಗು ಆರೋಗ್ಯವಾಗಿದೆಯಲ್ಲ, ಯಾಕೆ ಔಷಧಿ ಅನ್ನುತ್ತಾರೆ.

ಮುಧೋಳದ ತಾಯಿ · ಜನವರಿ 9

ಕೊಟ್ಟಿದ್ದರು ಟೀಚರ್. ಒಂದು ಸಲ ಹಾಕಿದಾಗ ಮಲ ಕಪ್ಪಾಯಿತು. ಹೆದರಿ ನಿಲ್ಲಿಸಿದೆ. ಬಾಟಲಿ ಇನ್ನೂ ಇದೆ.

ಮಕ್ಕಳ ಡಾಕ್ಟರ್, ವಿಜಯಪುರ · ಜನವರಿ 10

ತಾಯಿ, ನಾನು ಮಗುವನ್ನು ನೋಡಿಲ್ಲ. ಆದ್ದರಿಂದ ಡೋಸ್ ಹೇಳುವುದಿಲ್ಲ, ಅದನ್ನು ನಿಮ್ಮ ಮೇಡಂ ತೂಕ ನೋಡಿ ಬರೆದಿರುತ್ತಾರೆ. ಉಳಿದದ್ದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಮೊದಲು ಉಬ್ಬಸ. ಎರಡು ವರ್ಷದೊಳಗಿನ ಮಕ್ಕಳ ಶ್ವಾಸನಾಳದ ಕೊನೆಯ ಕವಲುಗಳು ತುಂಬಾ ಸಣ್ಣ. ಆರ್‌ಎಸ್‌ವಿ ತರಹದ ವೈರಸ್ ಹೊಕ್ಕರೆ ಒಳಗೋಡೆ ಊದುತ್ತದೆ, ಲೋಳೆ ತುಂಬುತ್ತದೆ. ಕೊಳವೆಯ ಅಗಲ ಅರ್ಧಕ್ಕೆ ಇಳಿದರೆ ಗಾಳಿಗೆ ಆಗುವ ಅಡ್ಡಿ 16 ಪಟ್ಟು ಹೆಚ್ಚುತ್ತದೆ. ಅದಕ್ಕೇ ನಮಗೆ ಬರೀ ನೆಗಡಿ ತಂದ ವೈರಸ್ ಮಗುವಿಗೆ ಆಕ್ಸಿಜನ್ ಹಚ್ಚುವ ಮಟ್ಟಕ್ಕೆ ಹೋಗುತ್ತದೆ. ಮೂರರಿಂದ ಐದನೇ ದಿನ ಜೋರು ಇರುತ್ತದೆ. ಆಮೇಲೆ ಇಳಿಯುತ್ತದೆ. ಕೆಮ್ಮು ಮಾತ್ರ ಎರಡು ಮೂರು ವಾರ ಎಳೆಯಬಹುದು. ವೈರಸ್ ಆದ್ದರಿಂದ ಆಂಟಿಬಯಾಟಿಕ್‌ನಿಂದ ಲಾಭವಿಲ್ಲ. ಮೂರು ವರ್ಷ ತುಂಬುವುದರೊಳಗೆ ಮೂರರಲ್ಲಿ ಒಂದು ಮಗುವಿಗೆ ಒಮ್ಮೆಯಾದರೂ ಹೀಗೆ ಸುಂಯ್ಗುಟ್ಟುತ್ತದೆ. ಅವರಲ್ಲಿ ಬಹಳಷ್ಟು ಮಕ್ಕಳಿಗೆ ಆರು ವರ್ಷದೊಳಗೆ ತಾನಾಗಿ ನಿಲ್ಲುತ್ತದೆ. ತಂದೆ ತಾಯಿಗೆ ಅಸ್ತಮಾ ಇದ್ದರೆ, ಮಗುವಿಗೆ ಚರ್ಮದ ಅಲರ್ಜಿ ಇದ್ದರೆ ಮುಂದುವರಿಯುವ ಸಾಧ್ಯತೆ ಜಾಸ್ತಿ.

ಈಗ ರಕ್ತ. ಹುಟ್ಟುವ ಮಗು ತಾಯಿಯಿಂದ ಕಬ್ಬಿಣದ ಬುತ್ತಿ ಕಟ್ಟಿಕೊಂಡು ಬರುತ್ತದೆ. ಒಂಬತ್ತು ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಅದು ಸುಮಾರು ಆರು ತಿಂಗಳು ಸಾಕು. ನಿಮ್ಮ ಮಗಳು 2.2 ಕೆ.ಜಿ. ಇದ್ದಳು, ಬುತ್ತಿಯೇ ಸಣ್ಣದಿತ್ತು. 2.5 ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೆ ಎರಡನೇ ತಿಂಗಳಿಂದಲೇ ಐರನ್ ಹನಿ ಬೇಕಾಗುತ್ತದೆ. ಅದು ಸಿಕ್ಕಿಲ್ಲ. ಆಮೇಲೆ ಬಂದದ್ದು ಎಮ್ಮೆ ಹಾಲು. ಹಸುವಿನದಾಗಲಿ ಎಮ್ಮೆಯದಾಗಲಿ, ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಇವಳ ವಯಸ್ಸಿಗೆ ದಿನಕ್ಕೆ ಸುಮಾರು 8 ಮಿಲಿಗ್ರಾಂ ಬೇಕು. ಒಂದು ಲೀಟರ್ ಹಾಲು ಕುಡಿದರೂ ಒಂದು ಮಿಲಿಗ್ರಾಂ ಸಿಗುವುದಿಲ್ಲ. ಹಾಲಿನ ಸುಣ್ಣದಂಶ ಬೇರೆ ಊಟದ ಕಬ್ಬಿಣವನ್ನೂ ಹೀರಲು ಬಿಡುವುದಿಲ್ಲ. ಹೊಟ್ಟೆ ತುಂಬಿದ್ದರಿಂದ ಊಟವೂ ಬೇಡ. ಚಹಾದ ಒಗರು ಉಳಿದದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಲು ಪೂರ್ತಿ ನಿಲ್ಲಿಸಬೇಡಿ. ದಿನಕ್ಕೆ ಅರ್ಧ ಲೀಟರ್ ದಾಟಬಾರದು, ಅದೂ ಲೋಟದಲ್ಲಿ. ಚಹಾ ಮಾತ್ರ ಇವತ್ತೇ ಬಂದ್ ಮಾಡಿ.

ಎರಡಕ್ಕೂ ಸಂಬಂಧ ಇದೆಯಾ ಎಂಬ ಪ್ರಶ್ನೆಗೆ ಬರುತ್ತೇನೆ. ಎರಡು ದಾರಿಯಲ್ಲಿ ಇದೆ. ರೋಗದ ಜೊತೆ ಹೋರಾಡುವ ರಕ್ತಕಣಗಳಿಗೂ ಕಬ್ಬಿಣ ಬೇಕು. ಅದು ಕಡಿಮೆ ಇದ್ದರೆ ಅವುಗಳ ಕೆಲಸ ಕುಂದುತ್ತದೆ. ಆಕ್ಸಿಜನ್ ಹೊರುವುದು ಹಿಮೋಗ್ಲೋಬಿನ್ ತಾನೇ? ಅದು 7.6 ಇರುವ ಮಗು ಉಸಿರಿಗೆ ಕಷ್ಟಪಡುವಾಗ ಬೇಗ ದಣಿಯುತ್ತದೆ. ಇನ್ನೊಂದು ಕಡೆ, ಸೋಂಕು ಬಂದಾಗಲೆಲ್ಲ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಕರುಳಿನಿಂದ ಕಬ್ಬಿಣ ಒಳಗೆ ಬರುವ ಬಾಗಿಲನ್ನು ಅದು ಮುಚ್ಚುತ್ತದೆ. ಎರಡು ತಿಂಗಳಲ್ಲಿ ನಾಲ್ಕು ಸಲ ಸೋಂಕು ಅಂದರೆ ಆ ಬಾಗಿಲು ಎಷ್ಟು ದಿನ ಮುಚ್ಚಿತ್ತು, ನೀವೇ ಲೆಕ್ಕ ಹಾಕಿ. ಶ್ವಾಸಕೋಶದ ಸೋಂಕಿನಿಂದ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ರಕ್ತಹೀನತೆ ಜಾಸ್ತಿ ಇರುವುದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಹಾಗಂತ ಐರನ್ ಸಿರಪ್ ಉಬ್ಬಸದ ಔಷಧಿ ಆಗುವುದಿಲ್ಲ. ರಕ್ತ ಸರಿಯಾದ ಮೇಲೂ ನೆಗಡಿಗೆ ಒಂದೆರಡು ಸಲ ಸುಂಯ್ ಅನ್ನಬಹುದು. ಆಗ ಸಿರಪ್ ಕೆಲಸ ಮಾಡಲಿಲ್ಲ ಅಂದುಕೊಂಡು ನಿಲ್ಲಿಸಬೇಡಿ. ಇದನ್ನು ಮುಂಚೆಯೇ ಹೇಳಿಬಿಡುತ್ತೇನೆ, ಯಾಕೆಂದರೆ ಹಾಗೆ ನಿಲ್ಲಿಸಿದ ಎಷ್ಟೋ ತಾಯಂದಿರನ್ನು ನೋಡಿದ್ದೇನೆ.

ಅತ್ತೆಯವರ ಮಾತು ಅರ್ಧ ಸರಿ. ಜ್ವರ ಇದ್ದಾಗ, ಉಸಿರಾಟದ ತೊಂದರೆ ಜೋರು ಇದ್ದಾಗ ನಾವೂ ಐರನ್ ಶುರು ಮಾಡುವುದಿಲ್ಲ. ಆ ಬಾಗಿಲು ಮುಚ್ಚಿರುತ್ತದೆ, ಕೊಟ್ಟದ್ದು ಹೊರಗೆ ಹೋಗುತ್ತದೆ. ಆದರೆ ಜ್ವರ ಬಿಟ್ಟು, ಮಗು ಆಟ ಆಡಲು ಶುರು ಮಾಡಿದ ಮೇಲೆ ಸಣ್ಣ ಕೆಮ್ಮಿಗೆ ಕಾಯಬೇಡಿ. ಈ ಚಳಿಗಾಲದಲ್ಲಿ ಕೆಮ್ಮು ಪೂರ್ತಿ ಹೋಗುವ ದಿನ ಬರುವುದೇ ಇಲ್ಲ.

ಮಹಾಲಿಂಗಪುರದ ರೈತ · ಜನವರಿ 10

ಡಾಕ್ಟ್ರೆ, ನಮ್ಮ ಭಾಗದಲ್ಲಿ ಬೆಲ್ಲಕ್ಕೆ ಬರ ಇಲ್ಲ. ನಾವೆಲ್ಲ ಶೇಂಗಾ ಬೆಲ್ಲ ತಿಂದೇ ಬೆಳೆದವರು. ಮಗುವಿಗೆ ದಿನಾ ಬೆಲ್ಲ ಕೊಟ್ಟರೆ ರಕ್ತ ಆಗುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಸಿರಪ್‌ಗಿಂತ ಅದೇ ಒಳ್ಳೆಯದಲ್ವಾ?

ಮಕ್ಕಳ ಡಾಕ್ಟರ್, ವಿಜಯಪುರ · ಜನವರಿ 10

ಅಣ್ಣಾರೆ, ಬೆಲ್ಲ ಸಕ್ಕರೆಗಿಂತ ಒಳ್ಳೆಯದು, ಒಪ್ಪುತ್ತೇನೆ. ಲೆಕ್ಕ ಮಾತ್ರ ನೋಡಿ. 100 ಗ್ರಾಂ ಬೆಲ್ಲದಲ್ಲಿ ಕಬ್ಬಿಣ 5 ಮಿಲಿಗ್ರಾಂ ಒಳಗೇ. ಮಗುವಿನ ಕೈಗೆ ಕೊಡುವ ತುಂಡು 10 ಗ್ರಾಂ. ಅಲ್ಲಿಗೆ ಅರ್ಧ ಮಿಲಿಗ್ರಾಂ ಆಯಿತು, ಅದರಲ್ಲೂ ರಕ್ತಕ್ಕೆ ಸೇರುವುದು ಸ್ವಲ್ಪವೇ. 7.6 ಇರುವ ಮಗುವಿಗೆ ಅದನ್ನು ನಂಬಿ ಕೂತರೆ ವರ್ಷ ಕಳೆದರೂ ಏರುವುದಿಲ್ಲ. ಬೀಟ್‌ರೂಟ್, ದಾಳಿಂಬೆಯ ಬಣ್ಣ ನೋಡಿ ಮೋಸ ಹೋಗುವುದೂ ಹೀಗೆಯೇ. ಒಮ್ಮೆ ಕೊರತೆ ಆದಮೇಲೆ ಬರೀ ಊಟದಿಂದ ತುಂಬಲು ಆಗುವುದಿಲ್ಲ. ಸಿರಪ್ ತುಂಬಬೇಕು, ಆಮೇಲೆ ಊಟ ಕಾಯಬೇಕು.

ಅಂಗನವಾಡಿ ಟೀಚರ್, ಹುನಗುಂದ · ಜನವರಿ 10

ಊಟದ ವಿಷಯ ನಾನು ಹೇಳುತ್ತೇನೆ. ನಮ್ಮ ಜವಾರಿ ಅಡುಗೆಯಲ್ಲೇ ಎಲ್ಲ ಇದೆ, ಮಗುವಿನ ಬಾಯಿಗೆ ಹೋಗುವಂತೆ ಮಾಡಬೇಕು ಅಷ್ಟೆ. 100 ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ, ಜೋಳದಲ್ಲಿ 4 ಮಿಲಿಗ್ರಾಂ ಕಬ್ಬಿಣ ಇದೆ. ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ಹಾಲು ಅನ್ನ ಬಿಡಿಸಿ ಜೋಳದ ನುಚ್ಚಿಗೆ ಬನ್ನಿ. ನುಚ್ಚು, ಹೆಸರುಬೇಳೆ, ಒಂದು ಹಿಡಿ ಮೆಂತ್ಯ ಪಲ್ಯ ಅಥವಾ ರಾಜಗಿರಿ ಪಲ್ಯ ಹಾಕಿ ಮೆತ್ತಗೆ ಕುದಿಸಿ ನುರಿಯಿರಿ. ಮೇಲೆ ತುಪ್ಪ. ಇಳಿಸಿದ ಮೇಲೆ ನಾಲ್ಕು ಹನಿ ಲಿಂಬೆ. ನಮ್ಮ ಕಡೆ ಇಂಡಿಯ ಲಿಂಬೆ ಎಲ್ಲ ಸಂತೆಯಲ್ಲೂ ಸಿಗುತ್ತದೆ. ಕಾಳು, ಸೊಪ್ಪಿನ ಕಬ್ಬಿಣ ಸುಲಭವಾಗಿ ಮೈಗೆ ಹತ್ತುವುದಿಲ್ಲ, ಹುಳಿ ಇದ್ದರೆ ಹತ್ತುತ್ತದೆ. ಪೇರಲ, ನೆಲ್ಲಿಕಾಯಿ ಕೂಡ ಅದೇ ಕೆಲಸ ಮಾಡುತ್ತವೆ.

ಮಡಿಕೆ ಕಾಳು ಮೊಳಕೆ ಕಟ್ಟಿ, ಬೇಯಿಸಿ, ಕಿವುಚಿ ಕೊಡಿ. ಮೊಳಕೆ ಬಂದರೆ ಕಬ್ಬಿಣವನ್ನು ಹಿಡಿದಿಡುವ ಅಂಶ ಕಡಿಮೆ ಆಗುತ್ತದೆ. ಗುರೆಳ್ಳು ಹಿಂಡಿ, ಅಗಸಿ ಹಿಂಡಿಯನ್ನು ಖಾರ ಇಲ್ಲದೆ ಪುಡಿ ಮಾಡಿ ಅರ್ಧ ಚಮಚ ಕಲಸಿ. ನಿಮ್ಮಲ್ಲಿ ಮಾಂಸ ತಿನ್ನುತ್ತಿದ್ದರೆ ಲಿವರ್ ಬೇಯಿಸಿ ನುರಿದು ವಾರಕ್ಕೆ ಒಮ್ಮೆ ಕೊಡಿ, ಅದರ ಕಬ್ಬಿಣ ಎಲ್ಲಕ್ಕಿಂತ ಬೇಗ ಹತ್ತುತ್ತದೆ. ಮೊದಲ ವಾರ ಉಗುಳುತ್ತಾಳೆ. ಹಾಲಿನ ಬಾಟಲಿ ಕಣ್ಣಿಗೆ ಕಾಣುವವರೆಗೂ ಉಗುಳುತ್ತಾಳೆ. ಬಾಟಲಿ ಮನೆಯಲ್ಲೇ ಇರಬಾರದು.

ಅಥಣಿಯ ಸೋದರಮಾವ · ಜನವರಿ 11

ಟೀಚರ್ ಹಿಂಡಿ ಪುಡಿ ಮಾಡಿ ಕೊಡಿ ಅಂದಿದ್ದು ಓದಿ ನನಗೆ ಬರೆಯಲೇಬೇಕು ಅನ್ನಿಸಿತು. ನಮ್ಮ ಅಕ್ಕನ ಮಗನಿಗೆ ಎರಡು ವರ್ಷ. ಚೆನ್ನಾಗಿಯೇ ಇದ್ದ. ಕಣದಲ್ಲಿ ಆಡುತ್ತಿದ್ದವನು ಒಮ್ಮೆಗೇ ಕೆಮ್ಮಿದ, ಮುಖ ಕೆಂಪಾಯಿತು, ಆಮೇಲೆ ಸುಮ್ಮನಾದ. ಅವತ್ತಿನಿಂದ ಎದೆಯಲ್ಲಿ ಸುಂಯ್ ಅನ್ನಲು ಶುರುವಾಯಿತು. ನೆಗಡಿ ಇಲ್ಲ, ಜ್ವರ ಇಲ್ಲ. ಒಂದು ತಿಂಗಳು ಬೇರೆ ಬೇರೆ ಕಡೆ ಅಲರ್ಜಿ, ಅಸ್ತಮಾ ಅಂತ ಔಷಧಿ ಕೊಟ್ಟರು. ಕೊನೆಗೆ ಒಬ್ಬ ಡಾಕ್ಟರ್ ಎರಡೂ ಕಡೆ ಕಿವಿಗೊಟ್ಟು ಕೇಳಿ, "ಬಲಗಡೆ ಮಾತ್ರ ಗಾಳಿ ಕಡಿಮೆ ಇದೆ, ಏನಾದರೂ ನುಂಗಿದ್ದನಾ?" ಅಂದರು. ಆಗ ಅಕ್ಕನಿಗೆ ಕಣದ ನೆನಪಾಯಿತು. ದುರ್ಬೀನು ಹಾಕಿ ತೆಗೆದರು. ಅರ್ಧ ಶೇಂಗಾ ಬೀಜ.

ಆ ಬೀಜವನ್ನು ಡಬ್ಬಿಯಲ್ಲಿ ಹಾಕಿ ನಮ್ಮ ಕೈಗೆ ಕೊಟ್ಟರು. ಅಕ್ಕ ಇವತ್ತಿಗೂ ಅದನ್ನು ಇಟ್ಟುಕೊಂಡಿದ್ದಾಳೆ. ಒಂದೇ ಪಕ್ಕದಲ್ಲಿ ಸುಂಯ್ ಅನ್ನುತ್ತಿದ್ದರೆ, ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಡಾಕ್ಟರಿಗೆ ಹೇಳಲೇಬೇಕು. ನಮ್ಮ ಭಾಗದಲ್ಲಿ ಶೇಂಗಾ, ಕಡಲೆ, ಹುಣಸೆ ಬೀಜ ಮನೆ ತುಂಬ ಬಿದ್ದಿರುತ್ತವೆ. ಐದು ವರ್ಷದೊಳಗಿನ ಮಕ್ಕಳ ಕೈಗೆ ಇಡೀ ಶೇಂಗಾ ಕೊಡಬೇಡಿ.

ಮುಧೋಳದ ತಾಯಿ · ಜನವರಿ 11

ಅಣ್ಣಾರೆ, ಓದಿ ಮೈ ಜುಂ ಅಂದಿತು. ನನ್ನ ಮಗಳಿಗೆ ಎರಡೂ ಕಡೆ ಶಬ್ದ ಇತ್ತು ಅಂತ ಕಾಗದದಲ್ಲಿ ಬರೆದಿದ್ದಾರೆ. ಆದರೂ ಇವತ್ತೇ ನೆಲ ಗುಡಿಸಿ ಎಲ್ಲ ಮೇಲೆ ಇಟ್ಟೆ.

ಜಮಖಂಡಿಯ ಮೊಮ್ಮಗಳು · ಜನವರಿ 12

ನಮ್ಮ ಅಜ್ಜಿ ಪಕ್ಕದಲ್ಲಿ ಕೂತು ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ. ಅಜ್ಜಿಗೆ ಐದು ಮಕ್ಕಳು, ಉಳಿದದ್ದು ನಾಲ್ಕು. ಎರಡನೆಯವನಿಗೆ ಒಂದು ವರ್ಷ ಇದ್ದಾಗ ಹೀಗೇ ಹೊಟ್ಟೆ ಹಾರುತ್ತಿತ್ತು. ಊರಲ್ಲಿ ಹಿರಿಯರು ಸೂಜಿ ಕಾಯಿಸಿ ಹೊಟ್ಟೆಗೆ ಚುಟಿಗೆ ಹಾಕಿಸಿದರು. ಮಗು ಅತ್ತು ಅತ್ತು ಇನ್ನಷ್ಟು ದಣಿಯಿತು. ದವಾಖಾನೆಗೆ ಎತ್ತಿನ ಗಾಡಿ ಕಟ್ಟುವುದರೊಳಗೆ ಹೋಯಿತು.

ಅಜ್ಜಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಆಗ ನಮಗ ಗೊತ್ತಿರಲಿಲ್ಲವ್ವ. ಈಗಿನವರಿಗೆ ಗೊತ್ತೈತಿ. ಗೊತ್ತಿದ್ದೂ ಕೂಸಿಗೆ ಬರಿ ಹಾಕಬ್ಯಾಡ್ರಿ."

ನಮ್ಮ ಕಡೆ ಈಗಲೂ ಅಲ್ಲಲ್ಲಿ ನಡೆಯುತ್ತಿದೆ. ಅದಕ್ಕೇ ಬರೆದೆ.

ಮಕ್ಕಳ ಡಾಕ್ಟರ್, ವಿಜಯಪುರ · ಜನವರಿ 12

ಅಜ್ಜಿಗೆ ನನ್ನ ನಮಸ್ಕಾರ ಹೇಳಿ. ಅವರು ಹೇಳಿದ ಹೊಟ್ಟೆ ಹಾರುವುದನ್ನೇ ನಾವು ಅಪಾಯದ ಮೊದಲ ಗುರುತು ಅನ್ನುತ್ತೇವೆ. ಎಲ್ಲ ತಾಯಂದಿರೂ ಒಂದು ಕೆಲಸ ಕಲಿಯಿರಿ. ಮಗು ಶಾಂತವಾಗಿದ್ದಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳೊಳಗೆ 50, ಒಂದರಿಂದ ಐದು ವರ್ಷದೊಳಗೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅವತ್ತೇ ತೋರಿಸಿ. ಉಸಿರು ಎಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಕುಡಿಯಲು ಆಗದಿದ್ದರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಮಂಕಾಗಿದ್ದರೆ ಬೆಳಗಾಗುವವರೆಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ರಕ್ತ ಕಡಿಮೆ ಇರುವ ಮಗುವಿನಲ್ಲಿ ತುಟಿ ನೀಲಿಯಾಗುವುದು ಕಾಣುವುದೂ ತಡ. ಅವರಿಗೆ ಉಸಿರಿನ ಎಣಿಕೆಯೇ ಮುಖ್ಯ.

ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದನ್ನೂ ನಿಲ್ಲಿಸಿ. ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದರಿಂದಲೇ ನ್ಯುಮೋನಿಯಾ ಆಗುತ್ತದೆ. ಉಪ್ಪು ನೀರಿನ ಸಲೈನ್ ಹನಿ ಸಾಕು. ಅಂಗಡಿಯಿಂದ ಕೆಮ್ಮಿನ ಸಿರಪ್ ತರಬೇಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಬೇಡ ಎಂದು 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆಯೂ ಹೇಳಿದೆ.

ಬಾಗಲಕೋಟೆ ನರ್ಸ್ · ಜನವರಿ 13

ಪಂಪ್ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡುತ್ತೇನೆ. ಚಟ ಹತ್ತುವುದಿಲ್ಲ ಅಕ್ಕಾ. ಸಿರಪ್‌ನಲ್ಲಿ ಕೊಡುವ ಉಬ್ಬಸದ ಔಷಧಿ ಮೈಗೆಲ್ಲ ಹರಡುತ್ತದೆ, ಕೈ ನಡುಗುತ್ತದೆ, ಎದೆ ಬಡಿತ ಜಾಸ್ತಿ ಆಗುತ್ತದೆ. ಪಂಪ್‌ನಲ್ಲಿ ಅದರ ಸಣ್ಣ ಭಾಗ ಸೀದಾ ಬೇಕಾದ ಜಾಗಕ್ಕೆ ಹೋಗುತ್ತದೆ. ಆದರೆ ಮಕ್ಕಳಿಗೆ ಪಂಪನ್ನು ನೇರವಾಗಿ ಬಾಯಿಗೆ ಒತ್ತಿದರೆ ಗಂಟಲಲ್ಲೇ ಉಳಿಯುತ್ತದೆ. ಸ್ಪೇಸರ್ ಎಂಬ ಕೊಳವೆ ಮತ್ತು ಮಾಸ್ಕ್ ಬೇಕೇ ಬೇಕು.

ಪಂಪ್ ಚೆನ್ನಾಗಿ ಕುಲುಕಿ. ಮಾಸ್ಕ್ ಮೂಗು ಬಾಯಿ ಎರಡನ್ನೂ ಬಿಗಿಯಾಗಿ ಮುಚ್ಚಿರಬೇಕು. ಒಮ್ಮೆ ಒತ್ತಿ, ಮಗು ಐದಾರು ಉಸಿರು ಎಳೆಯುವವರೆಗೆ ಹಾಗೇ ಹಿಡಿಯಿರಿ. ಎರಡನೆಯ ಸಲಕ್ಕೆ ಮತ್ತೆ ಕುಲುಕಿ. ಎರಡು ಸಲ ಒಟ್ಟಿಗೆ ಒತ್ತಬೇಡಿ. ಸ್ಪೇಸರನ್ನು ವಾರಕ್ಕೊಮ್ಮೆ ಪಾತ್ರೆ ಸೋಪಿನ ನೀರಲ್ಲಿ ತೊಳೆದು ಹಾಗೇ ಆರಲು ಬಿಡಿ. ಬಟ್ಟೆಯಿಂದ ಒರೆಸಿದರೆ ಒಳಗೆ ಔಷಧಿ ಅಂಟಿಕೊಳ್ಳುತ್ತದೆ. ಸ್ಪೇಸರ್ ಕೊಳ್ಳಲು ದುಡ್ಡಿಲ್ಲದ ಮನೆಯವರಿಗೆ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಪಂಪಿನ ಬಾಯಿ ಕೂರುವಷ್ಟು ತೂತು ಕೊರೆದು ಮಾಡಿಕೊಳ್ಳುವ ಕ್ರಮವೂ ಇದೆ, ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ಹೇಳಿಕೊಟ್ಟಿದೆ. ಆದರೆ ಒಮ್ಮೆ ದವಾಖಾನೆಯಲ್ಲಿ ತೋರಿಸಿಕೊಂಡು ಮಾಡಿ.

ಐರನ್ ಸಿರಪ್‌ಗೆ ಬರೋಣ. ಮಲ ಕಪ್ಪಾಗಿಯೇ ಆಗುತ್ತದೆ, ಅದಕ್ಕೆ ಹೆದರಬೇಡಿ. ಹಾಲಿನ ಜೊತೆ ಕೊಡಬೇಡಿ, ಹಾಲಿಗೂ ಸಿರಪ್‌ಗೂ ಒಂದು ಗಂಟೆಯಾದರೂ ಅಂತರ ಇರಲಿ. ನಾಲಿಗೆಯ ಹಿಂಭಾಗಕ್ಕೆ ಬಿಡಿ, ಆಮೇಲೆ ನೀರು ಕುಡಿಸಿ, ಇಲ್ಲದಿದ್ದರೆ ಹಲ್ಲು ಕಪ್ಪಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ವಾಂತಿ ಆದರೆ ಊಟದ ನಂತರ ಕೊಡಿ. ಅಂಗಡಿಯಲ್ಲಿ ಬೇರೆ ಕಂಪನಿಯ ಬಾಟಲಿ ಕೊಟ್ಟರೆ ಅದೇ ಅಳತೆಯಲ್ಲಿ ಹಾಕಬೇಡಿ, ಒಂದೊಂದರಲ್ಲಿ ಕಬ್ಬಿಣ ಒಂದೊಂದು ಪ್ರಮಾಣದಲ್ಲಿ ಇರುತ್ತದೆ. ಮಾಡದಲ್ಲಿರುವ ವಾರಕ್ಕೆರಡು ಸಲದ ಬಾಟಲಿ ಕೊರತೆ ಬಾರದಂತೆ ತಡೆಯಲು ಇರುವುದು. ಈಗ ಅದನ್ನೂ ಇದನ್ನೂ ಒಟ್ಟಿಗೆ ಹಾಕಬೇಡಿ. ಎರಡೂ ಬಾಟಲಿಗಳನ್ನು ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ ಇಡಿ. ಸಿಹಿ ಇದೆ ಅಂತ ಮಗು ಇಡೀ ಬಾಟಲಿ ಕುಡಿದರೆ ಜೀವಕ್ಕೇ ಅಪಾಯ.

ವಿಜಯಪುರದ ಓದುಗ · ಜನವರಿ 13

ಒಂದು ಸಂಶಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ 67.1 ಶೇಕಡಾ, ಕರ್ನಾಟಕದಲ್ಲಿ 65.5 ಶೇಕಡಾ ರಕ್ತಹೀನತೆ ಅಂತ ಓದಿದ್ದೆ. ಮೂವರಲ್ಲಿ ಇಬ್ಬರಿಗೆ ಇದ್ದರೆ ಅಳತೆಗೋಲೇ ತಪ್ಪಿರಬಹುದಲ್ವಾ? 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷದೊಳಗಿನ ಮಕ್ಕಳಿಗೆ ಹಿಮೋಗ್ಲೋಬಿನ್ ಗಡಿಯನ್ನು 11ರಿಂದ 10.5ಕ್ಕೆ ಇಳಿಸಿದೆ. ಸುಮ್ನೆ ಎಲ್ಲರಿಗೂ ಸಿರಪ್ ಕೊಡುತ್ತಿದ್ದೇವಾ?

ಮಕ್ಕಳ ಡಾಕ್ಟರ್, ವಿಜಯಪುರ · ಜನವರಿ 13

ಒಳ್ಳೆಯ ಪ್ರಶ್ನೆ ಸರ್. ಗಡಿಯ ಹತ್ತಿರ ಇರುವ ಮಕ್ಕಳ ವಿಷಯದಲ್ಲಿ ಚರ್ಚೆ ಇದೆ. ಬೆರಳು ಚುಚ್ಚಿ ತೆಗೆದ ಒಂದು ಹನಿಯ ಲೆಕ್ಕಕ್ಕೂ ರಕ್ತನಾಳದಿಂದ ತೆಗೆದ ರಕ್ತದ ಲೆಕ್ಕಕ್ಕೂ ವ್ಯತ್ಯಾಸ ಬರುತ್ತದೆ. ಆದರೆ 7.6 ಯಾವ ಗಡಿ ಹಾಕಿದರೂ ಕಡಿಮೆಯೇ. ರಕ್ತ ಕಡಿಮೆ ಎಂದರೆ ಎಲ್ಲ ಕಬ್ಬಿಣದ ಕೊರತೆಯೂ ಅಲ್ಲ, ಅದನ್ನೂ ಒಪ್ಪುತ್ತೇನೆ. ಮೈಯಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆಯಿಂದ ಗೊತ್ತಾಗುತ್ತದೆ, ಆದರೆ ಸೋಂಕು ಇದ್ದಾಗ ಫೆರಿಟಿನ್ ತಾನಾಗಿ ಏರುತ್ತದೆ. ಉಬ್ಬಸದ ವಾರದಲ್ಲಿ ಮಾಡಿಸಿ, ಸರಿ ಇದೆ ಎಂದು ಬಂದರೆ ನಂಬುವಂತಿಲ್ಲ.

ಗೋಕಾಕದ ತಂದೆ · ಜನವರಿ 14

ನಮ್ಮ ಮಗನಿಗೆ ಎರಡು ತಿಂಗಳು ತಪ್ಪದೆ ಸಿರಪ್ ಕೊಟ್ಟರೂ 9.4 ಇದ್ದದ್ದು 9.5 ಆಯಿತು. ಕೊಡುತ್ತಿಲ್ಲ ಅಂತ ನನ್ನ ಹೆಂಡತಿಗೇ ಬೈದರು. ಆಮೇಲೆ ಬೆಳಗಾವಿಯಲ್ಲಿ ಹಿಮೋಗ್ಲೋಬಿನ್ ಯಾವ ಬಗೆಯದು ಅಂತ ನೋಡುವ ಎಲೆಕ್ಟ್ರೋಫೊರೆಸಿಸ್ ಪರೀಕ್ಷೆ ಮಾಡಿಸಿದಾಗ ತಲಸೀಮಿಯಾ ಟ್ರೇಟ್, ಅಂದರೆ ತಂದೆ ತಾಯಿಯಿಂದ ಬರುವ ರಕ್ತದ ಗುಣ, ಅಂತ ಬಂತು. ನನಗೂ ಅದೇ ಇದೆ. ಅದರಿಂದ ಮಗನಿಗೆ ಏನೂ ತೊಂದರೆ ಇಲ್ಲ, ಐರನ್ ನಿಲ್ಲಿಸಿದರು. ಅವನ ಮದುವೆ ಸಮಯದಲ್ಲಿ ಹುಡುಗಿಯ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು ಅಂತ ಹೇಳಿದ್ದಾರೆ. ಒಂದು ತಿಂಗಳು ಸರಿಯಾಗಿ ಕೊಟ್ಟೂ ಏರದಿದ್ದರೆ ಕೇಳಿ ನೋಡಿ.

ಇಂಡಿ ಕಡೆಯ ಆಶಾ ಕಾರ್ಯಕರ್ತೆ · ಜನವರಿ 15

ನಮ್ಮ ತಾಂಡಾಗಳಿಂದ ದೀಪಾವಳಿ ಹೊತ್ತಿಗೆ ಕಬ್ಬು ಕಡಿಯಲು ಜನ ಹೋಗುತ್ತಾರೆ. ಮಕ್ಕಳೂ ಜೊತೆಗೆ. ಗುಡಿಸಲಲ್ಲಿ ಒಲೆ, ಗದ್ದೆಯಲ್ಲಿ ರವದಿ (ಕಬ್ಬಿನ ಒಣ ಗರಿ) ಸುಡುವ ಹೊಗೆ, ಮೇಲೆ ಚಳಿ. ಮೂರು ನಾಲ್ಕು ತಿಂಗಳು ಸಿರಪ್ಪೂ ಇಲ್ಲ, ಲಸಿಕೆಯೂ ತಪ್ಪುತ್ತದೆ. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆ ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ ಇದೆ. ಈಗ ನಾನು ಅವರು ಹೊರಡುವ ಮೊದಲೇ ಬಾಟಲಿ ಕೊಟ್ಟು ತಾಯಿ ಕಾರ್ಡ್ ಗಂಟಿಗೆ ಕಟ್ಟಿಸುತ್ತೇನೆ. ಯಾವ ಊರಿನ ಅಂಗನವಾಡಿಗೆ ಹೋದರೂ ಕಾರ್ಡ್ ತೋರಿಸಿ ಲಸಿಕೆ ಹಾಕಿಸಿಕೊಳ್ಳಬಹುದು. ನಿಮ್ಮ ಹೊಲಕ್ಕೆ ಬಂದ ಕಬ್ಬಿನ ಗ್ಯಾಂಗಿನಲ್ಲಿ ಸಣ್ಣ ಮಕ್ಕಳು ಕಂಡರೆ ದಯವಿಟ್ಟು ನಿಮ್ಮೂರ ಆಶಾಗೆ ಒಂದು ಮಾತು ತಿಳಿಸಿ.

ಮುಧೋಳದ ತಾಯಿ · ಫೆಬ್ರವರಿ 12

ಎಲ್ಲರಿಗೂ ಹೇಳಬೇಕು ಅಂತ ಕಾಯುತ್ತಿದ್ದೆ. ಸಿರಪ್ ಶುರು ಮಾಡಿ ಇವತ್ತಿಗೆ ಒಂದು ತಿಂಗಳು. ಹಿಮೋಗ್ಲೋಬಿನ್ 9.0 ಆಗಿದೆ. ಹಾಲಿನ ಬಾಟಲಿಯನ್ನು ಟೀಚರ್ ಹೇಳಿದ ದಿನವೇ ಹಿತ್ತಲಿಗೆ ಎಸೆದೆ. ಮೂರು ರಾತ್ರಿ ಅತ್ತಳು, ಅತ್ತೆ ನನ್ನ ಜೊತೆ ಮಾತು ಬಿಟ್ಟರು. ನಾಲ್ಕನೇ ದಿನ ನುಚ್ಚು ಬಾಯಿ ತೆರೆದು ತಿಂದಳು. ಆಗ ಅತ್ತೆಯೇ ಇನ್ನೊಂದು ತುತ್ತು ಕಲಸಿದರು. ಈಗ ಅವರೇ ಹೆಸರುಬೇಳೆ ನೆನೆ ಹಾಕುತ್ತಾರೆ. ಎರಡನೇ ವಾರದಿಂದ ಸುಣ್ಣ ಕೆರೆಯುವುದು ನಿಂತಿದೆ. ಮೊನ್ನೆ 10ನೇ ತಾರೀಕು ಅಂಗನವಾಡಿಯಲ್ಲಿ ಜಂತುಹುಳದ ಅರ್ಧ ಮಾತ್ರೆಯನ್ನೂ ಪುಡಿ ಮಾಡಿ ಕುಡಿಸಿದರು.

ಸ್ನಾನ ಆದಮೇಲೆ ಲೋಬಾನ ಹಾಕುವುದನ್ನು ಬಿಟ್ಟೆವು. ಸೊಳ್ಳೆ ಬತ್ತಿ ಬದಲು ಪರದೆ ಕಟ್ಟಿದ್ದೇವೆ. ಮಾವನವರು ಬೀಡಿ ಸೇದಲು ಎಮ್ಮೆ ಕಟ್ಟುವ ಕಡೆಗೆ ಹೋಗುತ್ತಾರೆ, ಪೂರ್ತಿ ಬಿಟ್ಟಿಲ್ಲ.

ನಡುವೆ ಒಂದು ಸಲ ನೆಗಡಿಯಾಗಿ ಮತ್ತೆ ಸುಂಯ್ ಅಂದಿತು. ಡಾಕ್ಟರ್ ಮೊದಲೇ ಹೇಳಿದ್ದರಿಂದ ಎದೆ ಒಡೆಯಲಿಲ್ಲ. ಮೊಬೈಲ್‌ನಲ್ಲಿ ಸಮಯ ಇಟ್ಟು ಉಸಿರು ಎಣಿಸಿದೆ, 38 ಬಂತು. ಮೇಡಂ ಬರೆದಂತೆ ಸ್ಪೇಸರ್‌ನಲ್ಲಿ ಪಂಪ್ ಕೊಟ್ಟೆ. ಮರುದಿನ ತೋರಿಸಿದೆವು, ಆಸ್ಪತ್ರೆಗೆ ಸೇರಿಸುವ ಅಗತ್ಯ ಬೀಳಲಿಲ್ಲ.

ಅಂಗನವಾಡಿ ಟೀಚರ್, ಹುನಗುಂದ · ಫೆಬ್ರವರಿ 12

ತಂಗಿ, ಓದಿ ಹೊಟ್ಟೆ ತಣ್ಣಗಾಯಿತು. ಅತ್ತೆಗೂ ನನ್ನ ನಮಸ್ಕಾರ ತಿಳಿಸಿ. ಒಂದು ಕೇಳುವುದು ಉಳಿದಿದೆ. ಬಸುರಿಯಿದ್ದಾಗ ನೀವು ಕೆಂಪು ಐರನ್ ಮಾತ್ರೆ ಪೂರ್ತಿ ನುಂಗಿದ್ದಿರಾ? ನಿಮ್ಮ ರಕ್ತ ಎಷ್ಟಿದೆ?

ಮುಧೋಳದ ತಾಯಿ · ಏಪ್ರಿಲ್ 18

ಟೀಚರ್, ಅವತ್ತು ಉತ್ತರ ಕೊಡಲು ಮುಜುಗರ ಆಯಿತು. ವಾಂತಿ ಬರುತ್ತದೆ ಅಂತ ಹದಿನೈದು ದಿನಕ್ಕೆ ಮಾತ್ರೆ ಬಿಟ್ಟಿದ್ದೆ. ಉಳಿದ ಎಲೆಗಳು ಟ್ರಂಕಿನಲ್ಲಿ ಇದ್ದವು.

ಮಗಳಿಗೆ ಈಗ 11.2. ಕಳೆದ ವಾರ ನೆಗಡಿ ಬಂದು ಹೋಯಿತು, ಎದೆಯಲ್ಲಿ ಶಬ್ದ ಬರಲಿಲ್ಲ. ಕಬ್ಬಿಣದ ಸಂಗ್ರಹ ತುಂಬಲು ಇನ್ನೂ ಎರಡು ತಿಂಗಳು ಸಿರಪ್ ಕೊಡಬೇಕು ಅಂದಿದ್ದಾರೆ. ಅದೇ ದಿನ ನನ್ನದೂ ಪರೀಕ್ಷೆ ಮಾಡಿಸಿದೆ. 8.9. ಮಗಳಿಗೆ ಸಿರಪ್ ಹಾಕಿ, ಅವಳೆದುರಿಗೇ ನಾನೂ ಮಾತ್ರೆ ನುಂಗುತ್ತೇನೆ. ನನ್ನ ಲೋಟಕ್ಕೆ ಲಿಂಬೆ ಹಿಂಡಿ ಕೊಡುವವರು ಅತ್ತೆ.